ಬ್ಯಾಟರಿ ಗಾಡಿಯ ಬ್ರೇಕಿಗೆ ಪೂಜೆಯಾದದ್ದು

ನಮ್ಮ ಅಪ್ಪನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಇದೇನು ಗುಟ್ಟಲ್ಲ. ಸೇಡಂನಿಂದ ಚಿಂಚೋಳಿಯವರೆಗೆ ನಮ್ಮ ಬಳಗ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ, ಮದುವೆ ಮುಂಜಿಗಳ ಪಂಕ್ತಿಯಲ್ಲಿ ಎರಡನೆಯ ಸಲ ಸಾರು ಬರುವ ಹೊತ್ತಿಗೆ ಯಾರಾದರೊಬ್ಬರು ಈ ವಿಷಯ ತೆಗೆದೇ ತೆಗೆಯುತ್ತಾರೆ. ಅಪ್ಪ ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ ಹತ್ತಿ, ಜೋಳ ತುಂಬಿಡುವ ಹಗೇವಿನೊಳಗೆ ಸೈಕಲ್ ಸಮೇತ ಇಳಿದ ಕಥೆಯನ್ನು, ಅದನ್ನು ಕಣ್ಣಾರೆ ನೋಡದವರೇ ಹೆಚ್ಚು ವಿವರವಾಗಿ ಹೇಳುತ್ತಾರೆ.

ಇಂಥ ಅಪ್ಪನ ಕೈಗೆ ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಕಂಪನಿಯವರು ಒಂದು ಗಾಡಿ ಕೊಟ್ಟರು.

ಕಂಪನಿ ಎಂದರೆ ಸೇಡಂ ಚಿತ್ತಾಪುರಗಳ ನಡುವಿನ ಸಿಮೆಂಟ್ ಫ್ಯಾಕ್ಟರಿ. ಅಪ್ಪ ಅದರ ಗೆಸ್ಟ್‌ಹೌಸಿನ ಉಸ್ತುವಾರಿ. ಹೆಸರಿಗೆ ಉಸ್ತುವಾರಿಯಾದರೂ ನೌಕರಿ ಇನ್ನೂ ಟೆಂಪರರಿ. ಆ ವರ್ಷ ದೀಪಾವಳಿಯೊಳಗೆ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗೆ ಗೆಸ್ಟ್‌ಹೌಸಿನ ವ್ಯವಸ್ಥೆ ಮನಸ್ಸಿಗೆ ಬಂದರೆ ಅಪ್ಪ ಪರ್ಮನೆಂಟ್. ಬರದಿದ್ದರೆ ಗೆಸ್ಟ್‌ಹೌಸು ಯಾವನೋ ಗುತ್ತಿಗೆದಾರನ ಪಾಲು, ನಾವು ಕಾಲೊನಿಯ ಕ್ವಾರ್ಟರ್ಸ್ ಖಾಲಿ ಮಾಡಿ ಚಿಂಚೋಳಿಯ ದೊಡ್ಡಪ್ಪನ ಮನೆಯ ಹಿಂದಿನ ಖೋಲಿಗೆ. ಈ ಮಾತನ್ನು ಪರ್ಸೊನೆಲ್ ಆಫೀಸರ್ ಮಡಿವಾಳಯ್ಯನವರು ಅಪ್ಪನಿಗೆ ಸ್ಪಷ್ಟವಾಗಿ ಹೇಳಿದರು. ಅಪ್ಪ ಅಮ್ಮನಿಗೆ ಅಸ್ಪಷ್ಟವಾಗಿ ಹೇಳಿದ. ಅಮ್ಮನಿಗೆ ಸ್ಪಷ್ಟವಾಗಿಯೇ ತಿಳಿಯಿತು.

ಗಾಡಿ ಎಂದರೆ ಬ್ಯಾಟರಿ ಗಾಡಿ. ಬೇರೆ ಕಡೆ ಗಾಲ್ಫ್ ಆಡುವ ಶ್ರೀಮಂತರು ಇಂಥದರಲ್ಲಿ ಕೂತು ಹುಲ್ಲಿನ ಮೇಲೆ ಓಡಾಡುತ್ತಾರಂತೆ. ನಮ್ಮಲ್ಲಿ ಗಾಲ್ಫೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ಅತಿಥಿಗಳನ್ನು ಗೆಸ್ಟ್‌ಹೌಸಿನಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ದೇವಸ್ಥಾನಕ್ಕೆ ಒಯ್ಯಲೆಂದು ತರಿಸಿದ್ದರು. ಬಿಳಿ ಬಣ್ಣ, ನೆತ್ತಿಯ ಮೇಲೊಂದು ಚಪ್ಪರ. ಬಾಗಿಲಿಲ್ಲ, ಗೇರಿಲ್ಲ, ಕ್ಲಚ್ಚಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಫ್ಯಾಕ್ಟರಿಯ ಟ್ರಾಕ್ಟರ್ ನಡೆಸುವ ನಬೀಸಾಬ್ ಅದರ ಸುತ್ತ ಒಂದು ಸುತ್ತು ಹಾಕಿ, "ಇದು ಗಾಡಿ ಅಲ್ರಿ, ಛತ್ರಿಗಿ ಗಾಲಿ ಹಚ್ಯಾರ" ಎಂದು ತೀರ್ಪು ಕೊಟ್ಟ. ಉಳಿದ ಡ್ರೈವರುಗಳೂ ನಕ್ಕು ಹಿಂದೆ ಸರಿದರು.

"ನಾನೇ ನಡಸ್ತೀನ್ರಿ" ಎಂದ ಅಪ್ಪ.

ಮಡಿವಾಳಯ್ಯನವರು ಕನ್ನಡಕದ ಮೇಲಿಂದ ನೋಡಿದರು. "ನಿಮಗ ಗಾಡಿ ಬರ್ತದೇನ್ರಿ, ವಿಠ್ಠಲರಾವ್?"

"ಗೇರ್ ಇಲ್ಲದ್ದು ನನಗ ಮೊದಲಿಂದಲೂ ಬರ್ತದ್ರಿ."

ಹೀಗೆ, ಅಲ್ಲಿಯವರೆಗೆ ಲೋಕದಲ್ಲಿ ತಾನು ಕಂಡೇ ಇರದ ಜಾತಿಯ ಗಾಡಿಯ ವಿಷಯದಲ್ಲಿ ಅಪ್ಪ ಪರಿಣತನಾದ.

ಗಾಡಿಯ ಜೊತೆ ಹೈದರಾಬಾದಿನಿಂದ ಒಬ್ಬ ಇಂಜಿನಿಯರು ಬಂದಿದ್ದ. ಪಾಪ, ಕರ್ತವ್ಯನಿಷ್ಠ ಮನುಷ್ಯ. ಗೆಸ್ಟ್‌ಹೌಸಿನ ಅಂಗಳದಲ್ಲಿ ಅಪ್ಪ, ನಬೀಸಾಬ್, ಗೇಟಿನ ಕಾವಲುಗಾರ ಕಾಶಪ್ಪ ಮೂವರನ್ನೂ ನಿಲ್ಲಿಸಿಕೊಂಡು ತೆಲುಗು ಬೆರೆಸಿದ ಕನ್ನಡದಲ್ಲಿ ಪಾಠ ಶುರು ಮಾಡಿದ. "ಚೂಡಂಡಿ, ಬಲಗಡೆ ಪೆಡಲ್ ಒತ್ತಿದರೆ ಗಾಡಿ ಹೋಗತ್ತೆ. ಕಾಲು ತೆಗೆದರೆ ಮೋಟರೇ ಗಾಲಿನ ಹಿಡಕೊಳ್ಳತ್ತೆ, ಗಾಡಿ ತಾನೇ ಸ್ಲೋ ಆಗಿ ನಿಲ್ಲತ್ತೆ. ಹಂಗೆ ಹಿಡಿಯುವಾಗ ಹುಟ್ಟಿದ ಕರೆಂಟು ತಿರುಗಿ ಬ್ಯಾಟರಿಗೇ ಹೋಗತ್ತಂಡಿ."

"ಅಂದ್ರ ಕಾಲು ತಗದ್ರ ಸಾಕು, ನಿಂದ್ರತದ?" ಎಂದ ಅಪ್ಪ.

"ನಿಲ್ಲತ್ತೆ. ಆದರೆ..."

ಆ 'ಆದರೆ'ಯ ಸರಿಯಾದ ಮುಹೂರ್ತಕ್ಕೆ ಅಡುಗೆಮನೆಯಿಂದ ಉಪ್ಪಿಟ್ಟು ಹೊರಗೆ ಬಂತು. ಮೂವರೂ ಉಪ್ಪಿಟ್ಟಿನ ಕಡೆಗೆ ತಿರುಗಿದರು. ಇಂಜಿನಿಯರಿಗೆ ಮಾತ್ರ ಶುರು ಮಾಡಿದ ಪಾಠ ಅರ್ಧಕ್ಕೆ ಬಿಡುವ ರೂಢಿ ಇರಲಿಲ್ಲ. ಉಳಿದರ್ಧವನ್ನು ಅಲ್ಲಿ ಉಳಿದವರಿಗೆ ಹೇಳಿದ. ಉಳಿದವಳು ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನೊಬ್ಬಳೇ. ಎಡಗಡೆಯ ಪೆಡಲ್ ನಿಜವಾದ ಬ್ರೇಕು, ಅದರ ತಂತಿ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಅದೇ ಪೆಡಲಿನ ಮೇಲ್ತುದಿಯನ್ನು ಜೋರಾಗಿ ಒತ್ತಿದರೆ 'ಟಕ್' ಎಂದು ಸಿಕ್ಕಿಕೊಳ್ಳುತ್ತದೆ, ನಿಲ್ಲಿಸಿದ ಗಾಡಿ ಜಾರಬಾರದೆಂದು. ಬಲಗಡೆಯದನ್ನು ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಇನ್ನು ಸೀಟಿನ ಕೆಳಗೆ ಒಂದು ಸ್ವಿಚ್ಚು. ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬೇಕಾದರೆ ಅದನ್ನು ತಿರುಗಿಸಬೇಕು. "ತಿರುಗಿಸಿದ ಮೇಲೆ ಮೋಟರು ಗಾಲಿನ ಬಿಟ್ಟುಬಿಡತ್ತಮ್ಮಾ. ಆಮೇಲೆ ಕಾಲು ತೆಗೆದರೆ ನಿಲ್ಲಲ್ಲ. ಎಡಗಡೆದೇ ಗತಿ. ಅವರಿಗೂ ಹೇಳಮ್ಮಾ."

ಊಟಕ್ಕೆ ಕೂತಾಗ ಹೇಳಿದೆ.

"ಶ್ರೀವಿದ್ಯಾ, ನೀ ಮಾಡಿದ್ದು ಬಿ.ಎ. ಇದು ಇಂಜಿನಿಯರಿಂಗು" ಎಂದ ಅಪ್ಪ.

"ಮಗಳು ಹೇಳೂದು ಸ್ವಲ್ಪ ಕೇಳ್ರಿ" ಎಂದಳು ಅಮ್ಮ.

"ಕೇಳ್ಲಿಕತ್ತೀನಲ್ಲ. ಮಜ್ಜಿಗಿ ಹಾಕು."

ಮರುದಿನದಿಂದ ಕಾಲೊನಿ ಒಂದು ಪವಾಡವನ್ನು ನೋಡತೊಡಗಿತು. ಅಪ್ಪ ಗಾಡಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಬರುವುದು. ಯಾರಾದರೂ ಕೈಮುಗಿದರೆ ಬಲಗಾಲನ್ನು ತುಸು ಎತ್ತುವುದು. ಗಾಡಿ 'ಊಂ' ಎಂದು ಸಣ್ಣಗೆ ಗುನುಗಿ ಅವರೆದುರು ನಿಲ್ಲುವುದು. ಗೇಟಿನ ಹತ್ತಿರ ಕಾಶಪ್ಪ ಇಳಿಸಿದ ಅಡ್ಡಗೋಲಿಗೆ ಗೇಣು ದೂರದಲ್ಲಿ ನಿಂತಾಗ, ಆತ ಜನರಲ್ ಮ್ಯಾನೇಜರರಿಗೂ ಹೊಡೆಯದಂಥ ಸೆಲ್ಯೂಟ್ ಹೊಡೆದ. ನಮ್ಮ ಪಕ್ಕದ ಮನೆಯ ಶಿವಕಾಂತಮ್ಮನವರು ಕೈಯೊಳಗಿನ ಹೆಸರುಬೇಳೆಯ ಮೊರ ಕೆಳಗಿಟ್ಟು ಬಂದು ನೋಡಿದರು.

"ಏನ್ ಮರ್ಯಾದಿ ಕಲ್ತದ್ರಿ ಈ ಗಾಡಿ! ನಮ್ಮನಿಯವ್ರು ಹಿಂದಿಂದ ಹತ್ತ್ ಸಲ ಕರದ್ರೂ ನಿಂದ್ರಂಗಿಲ್ಲ."

"ನಡಸಾವನ ಮನಸ್ಸು ಅದಕ್ಕ ತಿಳೀತದ್ರಿ ಶಿವಕಾಂತಮ್ಮ" ಎಂದ ಅಪ್ಪ. "ಇಂಥದು ಬ್ಯಾರೆ ಯಾವ ಸಿಮೆಂಟ್ ಫ್ಯಾಕ್ಟರಿಗೂ ಇಲ್ಲ. ವಾಡಿಯೊಳಗಿಲ್ಲ, ಶಹಾಬಾದದೊಳಗಿಲ್ಲ, ಆದಿತ್ಯನಗರದೊಳಗೂ ಇಲ್ಲ."

"ಎಡಗಡಿದು ಏನ್ರಿ ಮತ್ತ?" ಎಂದು ಕಾಶಪ್ಪ ಬ್ರೇಕಿನ ಕಡೆ ಬೆರಳು ಮಾಡಿದ.

"ಅದು ಶೋಭಾಕ್ಕ. ಎಡಗಾಲಿಗೆ ಬೇಜಾರಾಗಬಾರ್ದಲ್ಲ."

ನಾನು ಬಾಗಿಲ ಮರೆಯಿಂದ, "ಅಪ್ಪಾ, ಅದು ಬ್ರೇಕು" ಎಂದೆ. ನನ್ನ ಮಾತು ಹೊಸ್ತಿಲು ದಾಟುವುದರೊಳಗೆ ಅಪ್ಪ ಬಲಗಾಲು ಒತ್ತಿ ಕ್ಲಬ್ಬಿನ ಕಡೆ ಹೋಗಿದ್ದ.

ಇಷ್ಟರಲ್ಲೇ ಖಂಡೇನವಮಿ ಬಂತು.

ಫ್ಯಾಕ್ಟರಿ ಕಾಲೊನಿಯಲ್ಲಿ ಖಂಡೇನವಮಿ ಎಂದರೆ ಕಲ್ಲು ಒಡೆಯುವ ಕ್ರಷರಿನಿಂದ ಹಿಡಿದು ಟೈಮ್ ಆಫೀಸಿನ ಗಡಿಯಾರದವರೆಗೆ ಎಲ್ಲಕ್ಕೂ ಪೂಜೆ. ನಬೀಸಾಬನ ಟ್ರಾಕ್ಟರಿಗೆ ಅವನೇ ಚೆಂಡುಹೂವಿನ ಸರ ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಅಪ್ಪ ಮಾತ್ರ ಮಡಿಯುಟ್ಟು, ಗಂಧಾಕ್ಷತೆಯ ತಟ್ಟೆ ಹಿಡಿದು, ಬ್ಯಾಟರಿ ಗಾಡಿಯ ಮುಂದೆ ಚಿಂತೆಯಲ್ಲಿ ಬಿದ್ದ. ದೇವರನ್ನು ಎಲ್ಲಿ ಆವಾಹನೆ ಮಾಡುವುದು?

"ಇಂಜಿನ್ನಿಗೆ ಮಾಡ್ರಿ" ಎಂದಳು ಅಮ್ಮ.

"ಇಂಜಿನ್ ಎಲ್ಲದ ಇದಕ್ಕ?"

"ಬ್ಯಾಟರಿಗೆ ಮಾಡ್ರಿ."

"ಬ್ಯಾಟರಿ ಸೀಟಿನ ಕೆಳಗ ಅದ. ದೇವರನ್ನ ಕೆಳಗ ಕೂಡಿಸಿ ಮ್ಯಾಲೆ ನಾವು ಕೂಡೂದೇನು?"

"ಸ್ಟಿಯರಿಂಗಿಗೆ?"

"ದಿನಾ ಉಂಡ ಕೈಲೆ ಮುಟ್ಟತೀನಿ. ಮುಸುರಿ."

ಬಲಗಡೆಯ ಪೆಡಲ್ ಅಂತೂ ಸದಾ ಕಾಲಡಿಯದು. ಹೀಗೆ ಒಂದೊಂದಾಗಿ ಕಳೆಯುತ್ತ ಹೋದಾಗ, ಇಡೀ ಗಾಡಿಯಲ್ಲಿ ಬಂದಾಗಿನಿಂದ ಯಾರ ಕೈಯೂ ತಾಗದ, ಯಾರ ಕಾಲೂ ಸೋಕದ ಜಾಗ ಒಂದೇ ಒಂದು ಉಳಿಯಿತು. ಗಾಡಿಯಲ್ಲಿ ಮಡಿಯಲ್ಲಿದ್ದದ್ದು ಅದೊಂದೇ. ಅಪ್ಪನ ಮುಖ ಅರಳಿತು. ಎಡಗಡೆಯ ಪೆಡಲಿಗೆ ನೀರು ಪ್ರೋಕ್ಷಿಸಿ, ಗಂಧ ಹಚ್ಚಿ, ಕುಂಕುಮವಿಟ್ಟು, ದಾರ ಸುತ್ತಿ, ಹೂವೇರಿಸಿ, ಕಣ್ಣುಮುಚ್ಚಿ ಆವಾಹನೆ ಮಾಡಿಯೇಬಿಟ್ಟ.

"ಅಪ್ಪಾ, ಅದನ್ನ ಕಾಲಿಲೆ ತುಳೀಬೇಕಾಗ್ತದ" ಎಂದೆ.

"ಪೂಜಾದ ಹೊತ್ತಿನ್ಯಾಗ ತುಳಿಯೂ ಮಾತು ಆಡಬ್ಯಾಡ" ಎಂದು ಅಪ್ಪ ಕಣ್ಣು ತೆರೆಯದೆಯೇ ಗದರಿದ.

ಆಮೇಲಿನದು ತಾನಾಗಿಯೇ ಬೆಳೆಯಿತು. ಶಿವಕಾಂತಮ್ಮನವರು ದಿನಾ ಮುಂಜಾನೆ ಬಂದು ಬ್ರೇಕಿಗೆ ಒಂದು ದಾಸವಾಳ ಇಟ್ಟು ಹೋಗತೊಡಗಿದರು. ಕಾಶಪ್ಪ ಗಾಡಿ ಹತ್ತುವ ಮುನ್ನ ಬೂಟು ಬಿಚ್ಚತೊಡಗಿದ. ಬೂಟು ಬಿಚ್ಚಿದ ಕಾವಲುಗಾರನನ್ನು ಗೇಟಿನಲ್ಲಿ ಕಂಡ ಲಾರಿಯವರು ಒಳಗೆ ಯಾರೋ ತೀರಿಕೊಂಡಿದ್ದಾರೆಂದು ಭಾವಿಸಿ ಹಾರ್ನ್ ಹೊಡೆಯುವುದನ್ನು ನಿಲ್ಲಿಸಿದರು.

ಸಾಹೇಬರು ಬರುವ ವಾರ ಮಡಿವಾಳಯ್ಯನವರು ತಪಾಸಣೆಗೆ ಬಂದರು. ಕಟ್ಟುನಿಟ್ಟಿನ ಮನುಷ್ಯ. ಗೆಸ್ಟ್‌ಹೌಸಿನ ಪರದೆಗಳನ್ನು ಮೂಸಿ ನೋಡಿದರು, ನಳಗಳನ್ನು ತಿರುವಿ ನೋಡಿದರು. ಕೊನೆಗೆ ಗಾಡಿಯ ಹತ್ತಿರ ಬಂದರು.

"ಬ್ರೇಕ್ ಎಲ್ಲದ ಇದಕ್ಕ?"

"ದಾಸವಾಳದ ಕೆಳಗ ಅದ್ರಿ."

"ತುಳದು ತೋರಸ್ರಿ."

ಅಪ್ಪ ವಿನಯದಿಂದ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. "ನೀವು ತುಳೀತೀರೇನ್ರಿ ಅಯ್ಯನವರ?"

ಮಡಿವಾಳಯ್ಯನವರು ಮಠದ ಮನೆತನದವರು. ಕೂತು ಎಡಗಾಲೆತ್ತಿದರು. ಕೆಳಗೆ ಕುಂಕುಮ, ಗಂಧ, ದಾರ, ಕೆಂಪು ಹೂವು. ಸುತ್ತಲೂ ಕಾಶಪ್ಪ, ಶಿವಕಾಂತಮ್ಮ, ಅಡುಗೆಯವರು, ತೋಟದವರು. ಎತ್ತಿದ ಕಾಲನ್ನು ಹಾಗೆಯೇ ಸ್ವಲ್ಪ ಹೊತ್ತು ಗಾಳಿಯಲ್ಲಿ ಹಿಡಿದುಕೊಂಡು, ನಿಧಾನವಾಗಿ ತಮ್ಮ ಹತ್ತಿರವೇ ಇಟ್ಟುಕೊಂಡರು.

"ಇದನ್ನ ಒತ್ತದ ನಿಂದ್ರತದೇನು?"

"ನೋಡ್ರಿ ಬೇಕಾದ್ರ."

ಅಪ್ಪ ನಡೆಸಿ ತೋರಿಸಿದ. ಸಮನಾದ ನೆಲ, ತುಂಬಿದ ಬ್ಯಾಟರಿ. ಗಾಡಿ ಹೋಯಿತು, ಕಾಲೆತ್ತಿದ ಕೂಡಲೇ ನಿಂತಿತು. ಮತ್ತೆ ಹೋಯಿತು, ಮತ್ತೆ ನಿಂತಿತು. ಮಡಿವಾಳಯ್ಯನವರು ಇಳಿದು ಕೈಮುಗಿದು, "ಹೂಂ, ಅಡ್ಡಿ ಇಲ್ಲ" ಎಂದರು. ಆ ನಮಸ್ಕಾರ ಅಪ್ಪನಿಗೋ ಬ್ರೇಕಿಗೋ ಯಾರಿಗೂ ಗೊತ್ತಾಗಲಿಲ್ಲ.

ಸಾಹೇಬರು ಬರುವ ಹಿಂದಿನ ದಿನ ಐನಾಪುರದಿಂದ ಪ್ರಮಿತಾ ಅತ್ತೆ, ಅಂದರೆ ಅಪ್ಪನ ತಂಗಿ, ಸಂಸಾರ ಸಮೇತ ಬಂದಿಳಿದಳು. ಅಣ್ಣ ಗಾಡಿ ನಡೆಸುತ್ತಾನೆಂಬ ಸುದ್ದಿಯನ್ನು ನಂಬದೆ, ಖಚಿತ ಮಾಡಿಕೊಳ್ಳಲೆಂದೇ ಬಂದದ್ದು. "ಹಗೇವ್ ಯಾವುದೂ ಇಲ್ಲಲ್ಲ ಇಲ್ಲೆ, ವಿಠ್ಠಲಣ್ಣಾ?" ಎಂದು ಕೇಳಿಯೇ ಹತ್ತಿದಳು. ಹಗೇವಿನ ಹೆಸರು ಕಿವಿಗೆ ಬಿದ್ದ ಮೇಲೆ ಅಪ್ಪ ಬಿಟ್ಟಾನೆಯೇ? ಇಡೀ ಮಧ್ಯಾಹ್ನ ಬಳಗವನ್ನೆಲ್ಲ ತುಂಬಿಕೊಂಡು ಕ್ಲಬ್, ಶಾಲೆ, ಆಸ್ಪತ್ರೆ, ಕಲ್ಲಿನ ಗಣಿಯ ಅಂಚು ಎಲ್ಲ ತೋರಿಸಿದ. ಸಂಜೆ ಚಾರ್ಜರಿನ ಪಿನ್ನು ಗೋಡೆಗೆ ಚುಚ್ಚಿದ. ಗೋಡೆಯ ಸ್ವಿಚ್ಚು ಹಾಕಲಿಲ್ಲ.

ಮರುದಿನದ ಏರ್ಪಾಡು ಇಷ್ಟೇ. ಸಾಹೇಬರೂ ಅವರ ಹೆಂಡತಿಯೂ ಬೆಳಿಗ್ಗೆ ಜೀಪಿನಲ್ಲಿ ದಿಬ್ಬದ ಮೇಲಿನ ದೇವಸ್ಥಾನಕ್ಕೆ ಬರುವುದು, ಮಂಗಳಾರತಿಯ ನಂತರ ಅಪ್ಪ ಅವರನ್ನು ಬ್ಯಾಟರಿ ಗಾಡಿಯಲ್ಲಿ ಕೆಳಗಿನ ಗೆಸ್ಟ್‌ಹೌಸಿಗೆ ನಾಷ್ಟಾಕ್ಕೆ ಕರೆತರುವುದು. ಗಾಡಿಯನ್ನು ಮೊದಲೇ ಮೇಲೆ ಒಯ್ದಿಡಲು ಅಪ್ಪ ಹೊರಟ. ಅರ್ಧ ದಿಬ್ಬ ಏರಿದ ಗಾಡಿ ಕುಂಯ್ ಎಂದು ಕೂತುಬಿಟ್ಟಿತು.

ನಬೀಸಾಬನ ಟ್ರಾಕ್ಟರ್ ಬಂತು, ಹಗ್ಗ ಬಿತ್ತು. ಎಳೆದರೆ ಗಾಲಿಗಳು ಹಠ ಹಿಡಿದು ನರಳಿದವು. ನಬೀಸಾಬ್ ಇಳಿದು ಬಂದು ಮುಂದೆ ಬಗ್ಗಿ, ಹಿಂದೆ ಬಗ್ಗಿ, ಕೊನೆಗೆ ಸೀಟು ಎತ್ತಿ ಅಲ್ಲಿದ್ದ ಸ್ವಿಚ್ಚನ್ನು ಆಚೆ ತಿರುಗಿಸಿದ.

"ಈಗ ನೋಡ್ರಿ ಸಾಬ್, ಬೆಣ್ಣಿ ಹಂಗ ಬರ್ತದ."

ಬೆಣ್ಣೆಯ ಹಾಗೆಯೇ ಬಂತು. ದೇವಸ್ಥಾನದ ಮುಂದೆ ನಿಲ್ಲಿಸಿ, ಜಾರದಂತೆ ಗಾಲಿಗೆ ಶಹಾಬಾದ ಕಲ್ಲಿನದೊಂದು ತುಂಡು ಒತ್ತಿಟ್ಟರು. ಪ್ರಸಾದದ ಪಾತ್ರೆ ಹೊತ್ತು ಅಮ್ಮನ ಹಿಂದೆ ಬರುತ್ತಿದ್ದ ನಾನು ಇದನ್ನೆಲ್ಲ ನೋಡಿದೆ. ಪಾತ್ರೆ ಕೆಳಗಿಟ್ಟು ಓಡಿದೆ.

"ಅಪ್ಪಾ, ಆ ಸ್ವಿಚ್ಚು ತಿರುವಿದ್ರ ಗಾಡಿ ತಾನಾಗಿ ನಿಂದ್ರಂಗಿಲ್ಲ. ಮೋಟರ್ ಗಾಲಿ ಬಿಟ್ಟಿರ್ತದ."

"ಏನಂತಾರ್ರಿ ಅಕ್ಕಾವ್ರು?" ಎಂದ ನಬೀಸಾಬ್.

"ಏನಿಲ್ಲ, ಹೆದರ್ಯಾಳ" ಎಂದ ಅಪ್ಪ. "ಬ್ಯಾಟರಿ ಇಲ್ಲದಿದ್ರೇನಾತು, ಶ್ರೀವಿದ್ಯಾ? ಇಳಕಲಿಗೆ ಕರೆಂಟ್ ಯಾಕ ಬೇಕು? ಗಾಡಿ ತಾನ ಇಳೀತದ. ಕಾಲು ತಗದ್ರ ತಾನ ನಿಂದ್ರತದ."

"ಕಾಲು ತಗದ್ರ ನಿಂದ್ರಂಗಿಲ್ಲ ಅಂತನ..."

ಜೀಪು ಬಂತು. ಜನ ನನ್ನ ಮತ್ತು ಅಪ್ಪನ ನಡುವೆ ಹಾರ ಹಿಡಿದು ತುಂಬಿಕೊಂಡರು.

ಮಂಗಳಾರತಿ ಮುಗಿಯಿತು. ದೊಡ್ಡ ಸಾಹೇಬರು ಎಪ್ಪತ್ತರ ಆಸುಪಾಸಿನ ಹಿಂದಿಯ ಮನುಷ್ಯ. ಅವರ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದ ದೈವಭಕ್ತೆ. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ನಬೀಸಾಬ್ ಕಲ್ಲು ತೆಗೆದ. ಅಪ್ಪ ಬಲಗಾಲು ಒತ್ತಿದ. ಗಾಡಿ ಹೊರಟಿತು. ಒತ್ತದಿದ್ದರೂ ಹೊರಡುತ್ತಿತ್ತು.

"ಅರೆ ವಾಹ್, ಆವಾಜ್ ಹೀ ನಹೀಂ!" ಎಂದರು ಸಾಹೇಬರು, ಸದ್ದೇ ಇಲ್ಲವಲ್ಲ ಎಂದು ಮೆಚ್ಚಿ.

"ಹೈದರಾಬಾದ್ ಕಾ ಹೈ ಸಾಬ್" ಎಂದು ಅಪ್ಪ ತಿರುಗಿ ನೋಡಿ ನಕ್ಕ. ಮತ್ತೆ ಮುಂದೆ ನೋಡಿದಾಗ ರಸ್ತೆ ತಾನು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತಿತ್ತು. ಕಾಲೆತ್ತಿದ. ಗಾಡಿ ನಿಲ್ಲಲಿಲ್ಲ. ಗಾಡಿಯ ಗಮನ ಬೇರೆಡೆ ಇತ್ತೇನೋ ಎಂಬಂತೆ ಕಾಲನ್ನು ಮತ್ತೆ ಇಟ್ಟು, ಮತ್ತೆ ಎತ್ತಿದ. ಗಾಡಿ ಇನ್ನಷ್ಟು ಜೋರಾಯಿತು. ಕೊನೆಗೆ, ಒಂದು ಕಾಲು ಎತ್ತಿದರೆ ಕೇಳದ್ದು ಎರಡಕ್ಕೆ ಕೇಳೀತೆಂದು ಎರಡೂ ಕಾಲುಗಳನ್ನು ಮೊಣಕಾಲಿನ ಸಮ ಮೇಲೆತ್ತಿ ಕೂತ.

ನಾವೆಲ್ಲ ಹಿಂದೆ ಓಡುತ್ತಿದ್ದೆವು. "ಬ್ರೇಕ್ ಹಾಕ್ರಿ ಸಾಬ್! ಬ್ರೇಕ್!" ಎಂದು ನಬೀಸಾಬ್ ಕೂಗಿದ.

"ಅದಕ್ಕ ಪೂಜಾ ಆಗ್ಯದೋ!" ಎಂದು ಕಾಶಪ್ಪ ಅವನನ್ನೇ ಗದರಿದ.

"ಸ್ಟಿಯರಿಂಗ್ ಬಿಡಬ್ಯಾಡ್ರೀ!" ಎಂದು ಅಮ್ಮ ಕಿರುಚಿದಳು. ಯಾಕೆಂದರೆ ಅಪ್ಪ ಸ್ಟಿಯರಿಂಗ್ ಬಿಟ್ಟಿದ್ದ.

ಸೀಟಿನಿಂದ ಮುಂದಕ್ಕೆ ಜಾರಿ, ಬಗ್ಗಿ, ಎಡಗಡೆಯ ಪೆಡಲನ್ನು ಬೆರಳಿನಿಂದ ಮುಟ್ಟಿ, ಮೈಲಿಗೆಯ ಕೈಯೆಂದು ಕ್ಷಮೆ ಕೇಳಿ, ಬೆರಳನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಎರಡೂ ಅಂಗೈಯಿಂದ ಅದರ ಮೇಲ್ತುದಿಯನ್ನು ದೇಹದ ಭಾರವನ್ನೆಲ್ಲ ಹಾಕಿ ಅದುಮಿದ. ಹಿಂದಿನಿಂದ ನೋಡಿದವರಿಗೆ ಗಾಡಿಯಲ್ಲಿ ಸಾಹೇಬರು, ಸಾಹೇಬರ ಹೆಂಡತಿ ಮತ್ತು ಅಪ್ಪನ ಬೆನ್ನು ಇಷ್ಟೇ ಕಾಣಿಸುತ್ತಿತ್ತು. ನಡೆಸುವವರಿಲ್ಲದ ಗಾಡಿ ರಸ್ತೆ ಬಿಟ್ಟು, ಇಳಿಜಾರಿನ ಪಕ್ಕದಲ್ಲಿದ್ದ ನಮ್ಮ ಕ್ವಾರ್ಟರ್ಸಿನ ಕಡೆಗೆ ತಿರುಗಿ, 'ಟಕ್' ಎಂದು ಕಟ್ಟೆಯೆದುರು ನಿಂತುಬಿಟ್ಟಿತು.

ಕಟ್ಟೆಯ ಮೇಲೆ ಅಪ್ಪನ ತಾಯಿ, ನಮ್ಮ ಸೀತಾಬಾಯಿ ಅಜ್ಜಿ, ಬತ್ತಿ ಹೊಸೆಯುತ್ತ ಕೂತಿದ್ದಳು. "ಬರ್ರಿ, ಕುಂದ್ರಿ" ಎಂದಳು. ಬಂದವರು ಯಾರಾದರೂ ಅವಳು ಮೊದಲು ಹೇಳುವುದು ಅದನ್ನೇ.

ಕೆಳಗಿನಿಂದ ಮಡಿವಾಳಯ್ಯನವರು ಏದುಸಿರು ಬಿಡುತ್ತ ಓಡಿ ಬಂದರು. ನಬೀಸಾಬ್, ಕಾಶಪ್ಪ ಮತ್ತು ತೋಟದವರೆಲ್ಲ ಸೇರಿ ಗಾಡಿ ನೂಕಿದರು. ಅಲುಗಲಿಲ್ಲ. ಬ್ರೇಕು ಸಿಕ್ಕಿಕೊಂಡಿದೆಯೆಂದು ನಾನು ಶಿವಕಾಂತಮ್ಮನವರಿಗೆ ಹೇಳಿದೆ. ಅವರು, "ದೇವರು ಸಿಟ್ಟಾಗ್ಯಾನ, ತಾಯಿ" ಎಂದು ಗಲ್ಲ ಬಡಿದುಕೊಂಡರು.

ಸಾಹೇಬರು ಕೂತಲ್ಲಿಂದಲೇ, ಕಾಲಿನಿಂದ ಯಾಕೆ ಒತ್ತಲಿಲ್ಲ ಎಂದು ಹಿಂದಿಯಲ್ಲಿ ಕೇಳಿದರು. ಸ್ವರ ಸಣ್ಣದಿತ್ತು. ದೊಡ್ಡ ಮನುಷ್ಯರು ನೌಕರಿ ತೆಗೆಯುವ ಮೊದಲು ಹಾಗೆಯೇ ಮಾತಾಡುತ್ತಾರಂತೆ.

"ಸಾಬ್, ಉಸ್ಕೋ ಪೂಜಾ ಹೋ ಗಯಾ" ಎಂದ ಅಪ್ಪ.

ಸಾಹೇಬರು ಮಡಿವಾಳಯ್ಯನವರ ಮುಖ ನೋಡಿದರು. ಮಡಿವಾಳಯ್ಯನವರು ಫ್ಯಾಕ್ಟರಿಯ ಚಿಮಣಿಯ ಹೊಗೆ ಯಾವ ಕಡೆ ಹೋಗುತ್ತಿದೆಯೆಂದು ನೋಡಿದರು.

"ಏನೋ ಅದು, ವಿಠ್ಠಲಾ?" ಎಂದಳು ಅಜ್ಜಿ. ಅಮ್ಮ ಕಟ್ಟೆಯ ಹತ್ತಿರ ಹೋಗಿ ಎಲ್ಲ ಹೇಳಿದಳು. ಅಜ್ಜಿಯ ಕೈಯ ಬತ್ತಿ ನಿಂತಿತು.

"ಅಲ್ಲೋ, ಖಂಡೇನವಮಿಗೆ ಆವಾಹನ ಮಾಡಿದಿ. ದಶಮಿ ದಿನ ವಿಸರ್ಜನ ಮಾಡಿದೇನು?"

ಅಪ್ಪ ಹಣೆ ಬಡಿದುಕೊಂಡ. "ಮರತೆ, ಅವ್ವಾ."

"ಮರತ್ಯಾ! ಅಂದ್ರ ಅವತ್ತಿನಿಂದ ದೇವರನ್ನ ಅಲ್ಲೇ ಕೂಡಿಸಿಕೊಂಡು ಊರೆಲ್ಲಾ ತಿರುಗೀದಿ? ನೈವೇದ್ಯರ ತೋರಸ್ತಿದ್ಯೋ ಇಲ್ಲೋ?"

"...ಇಲ್ಲ."

"ಉಪವಾಸ ಕೆಡವೀಯಲ್ಲೋ ದೇವರನ್ನ! ನಿಂದ್ರಂದ್ರ ಹ್ಯಾಂಗ ನಿಂತೀತು ಗಾಡಿ? ಚಲೋ ಆತು ಕೊಂದಿಲ್ಲ."

ಸಾಹೇಬರ ಹೆಂಡತಿ ಏನೆಂದು ಕೇಳಿದರು. ಮಡಿವಾಳಯ್ಯನವರು, ಜನ್ಮದಲ್ಲಿ ಇಂಥ ಭಾಷಾಂತರ ಮಾಡಿರಲಿಲ್ಲವಾದರೂ, ಹಿಂದಿಯಲ್ಲಿ ಹೇಳಿದರು. ಆ ತಾಯಿ ಹೌಹಾರಿ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು, ಈಗಿಂದೀಗಲೇ ವಿಸರ್ಜನೆ ಆಗಬೇಕು, ಅಲ್ಲಿಯವರೆಗೆ ತಾನೂ ಇಳಿಯುವುದಿಲ್ಲ, ಗಂಡನೂ ಇಳಿಯುವುದಿಲ್ಲ ಎಂದರು. ಇಳಿಯಲು ಒಂದು ಕಾಲು ಹೊರಗಿಟ್ಟಿದ್ದ ಸಾಹೇಬರು ಅದನ್ನು ಒಳಗೆ ತೆಗೆದುಕೊಂಡರು.

ಅಮ್ಮ ಹಾಲು ಸಕ್ಕರೆ ತಂದಳು. ಅಪ್ಪ ಕೈಕಾಲು ತೊಳೆದು ಬಂದು, ಬ್ರೇಕಿಗೆ ನೈವೇದ್ಯ ತೋರಿಸಿ, ಮಂತ್ರ ಹೇಳಿ, ಅಕ್ಷತೆ ಎರಚಿ ದೇವರನ್ನು ಕಳಿಸಿಕೊಟ್ಟ. ದಾರ ಬಿಚ್ಚಿ ಹೂವನ್ನೆಲ್ಲ ಅಜ್ಜಿಯ ಕೈಗೆ ಕೊಟ್ಟ. ಎಲ್ಲರೂ ಕೈಮುಗಿದರು. ಮತ್ತೆ ನೂಕಿದರು. ಗಾಡಿ ಅಲುಗಲಿಲ್ಲ.

ಅಲ್ಲಿ ಇದ್ದಕ್ಕಿದ್ದಂತೆ ಮೌನವಾಯಿತು. ಆ ಮೌನದಲ್ಲಿ ನನ್ನ ಸಣ್ಣ ದನಿಗೂ ಜಾಗ ಸಿಕ್ಕಿತು.

"ಅಪ್ಪಾ, ಬಲಗಡಿದು ಒತ್ತಿದ್ರ ಲಾಕ್ ಬಿಡ್ತದ. ಆದ್ರ ಬಿಟ್ಟ ಕೂಡ್ಲೆ ಎಡಗಡಿದರ ಮ್ಯಾಲೆ..."

ಅಪ್ಪ 'ಆದ್ರ'ದವರೆಗೆ ಕೇಳಿದ. ಕೂತು ಬಲಗಡೆಯದನ್ನು ಒತ್ತಿದ. ಟಕ್. ಗಾಡಿ ಸಾಹೇಬರನ್ನೂ ಅವರ ಹೆಂಡತಿಯನ್ನೂ ಹೊತ್ತು ಮತ್ತೆ ಇಳಿಜಾರು ಹಿಡಿಯಿತು.

"ಎಡಗಡಿದು ತುಳೀರೀ! ತುಳೀರಿ ಅಪ್ಪಾ! ಈಗ ಅಲ್ಲಿ ದೇವರಿಲ್ಲಾ!"

ಇಷ್ಟು ದೊಡ್ಡದಾಗಿ ಕೂಗಿದ್ದು ನಾನೇ ಎಂದು ಅಮ್ಮ ಆಮೇಲೆ ಹೇಳಿದಳು. ಅಪ್ಪ ತುಳಿದ. ಅಷ್ಟು ದಿನ ತುಳಿಯದೆ ಉಳಿಸಿದ್ದನ್ನೆಲ್ಲ ಒಮ್ಮೆಲೇ ಸೇರಿಸಿ ತುಳಿದ. ಗಾಡಿ ಹಲ್ಲು ಕಚ್ಚಿದಂತೆ ನಿಂತಿತು. ಸಾಹೇಬರ ಕನ್ನಡಕ ಮಾತ್ರ ನಿಲ್ಲದೆ ಮುಂದೆ ಹೋಗಿ ಶಿವಕಾಂತಮ್ಮನವರ ಕುಂಬಳದ ಬಳ್ಳಿಯಲ್ಲಿ ಬಿತ್ತು.

ಸಾಹೇಬರು ಇಳಿದು, ಕನ್ನಡಕ ಹಾಕಿಕೊಂಡು, ಯಾರ ಜೊತೆಯೂ ಮಾತಾಡದೆ ಗೆಸ್ಟ್‌ಹೌಸಿಗೆ ನಡೆದು ಹೋದರು. ಅಮ್ಮ ಒಳಗೆ ಹೋಗಿ ಅಟ್ಟದ ಮೇಲಿನ ಟ್ರಂಕುಗಳನ್ನು ಇಳಿಸತೊಡಗಿದಳು.

ನಾಷ್ಟಾದ ಹೊತ್ತಿಗೆ ಏನಾಯಿತೆಂಬುದನ್ನು ಹೇಳಿದವರು ಮಡಿವಾಳಯ್ಯನವರೇ. ಗೆಸ್ಟ್‌ಹೌಸನ್ನು ಗುತ್ತಿಗೆಗೆ ಕೊಡಿ ಎಂದು ಸಾಹೇಬರು ಬಾಯಿ ತೆರೆದರಂತೆ. ಅವರ ಹೆಂಡತಿ ತಟ್ಟೆ ಸರಿಸಿ ಎದ್ದು ನಿಂತರಂತೆ. "ಪ್ರಾಣ ಹೋಗುವ ಹೊತ್ತಿನಲ್ಲೂ ಪೂಜೆ ಮಾಡಿದ ವಸ್ತುವಿನ ಮೇಲೆ ಕಾಲಿಡಲಿಲ್ಲ ಈ ಮನುಷ್ಯ. ಇವನು ನಿಮ್ಮ ಗೆಸ್ಟ್‌ಹೌಸಿನ ತುಪ್ಪ ಕದಿಯುತ್ತಾನೆಯೇ? ಗುತ್ತಿಗೆದಾರ ಬಿಡುತ್ತಾನೆಯೇ?" ಎಂದು ಕೇಳಿದರಂತೆ. 'ಪ್ರಾಣ ಹೋಗುತ್ತಿದ್ದದ್ದು ಅವನದಲ್ಲ, ನಮ್ಮದು' ಎಂಬ ಉತ್ತರ ಸಾಹೇಬರ ನಾಲಗೆಯ ಮೇಲಿತ್ತೆಂದು ಮಡಿವಾಳಯ್ಯನವರ ಊಹೆ. ಆದರೆ ಸಾಹೇಬರು ಅದನ್ನು ದೋಸೆಯ ಜೊತೆ ನುಂಗಿ, "ಪರ್ಮನೆಂಟ್ ಮಾಡ್ರಿ. ಗಾಡಿಯಿಂದ ಮಾತ್ರ ಇಳಸ್ರಿ" ಎಂಬರ್ಥದ ಮಾತು ಹೇಳಿ ಕೈತೊಳೆದರು.

ಅಮ್ಮ ಟ್ರಂಕುಗಳನ್ನು ಅಟ್ಟಕ್ಕೇರಿಸಿದಳು. ಅಪ್ಪ ಆರ್ಡರ್ ಹಿಡಿದು ಮನೆಮನೆಗೆ ಹೋಗಿ, "ಬ್ರೇಕ್ ತುಳಿಲಿಲ್ಲ ಅಂತನ ನೌಕರಿ ಉಳೀತು ನೋಡ್ರಿ" ಎಂದು ಹೇಳಿ ಬಂದ. ಇದಕ್ಕೆ ನಾನು ಏನೆನ್ನಬಹುದಿತ್ತೋ ಅದನ್ನೆಲ್ಲ ಅಮ್ಮ ಒಂದೇ ನಿಟ್ಟುಸಿರಿನಲ್ಲಿ ಮುಗಿಸಿದಳು.

ಗಾಡಿ ನಬೀಸಾಬನ ಪಾಲಿಗೆ ಬಂತು. ಸ್ವಿಚ್ಚನ್ನು ಈಚೆ ತಿರುಗಿಸಿ, ರಾತ್ರಿಯಿಡೀ ನಮ್ಮ ಮನೆಯ ಹತ್ತಿರವೇ ಚಾರ್ಜಿಗೆ ಹಚ್ಚಿಟ್ಟು, ಮರುದಿನ ಮುಂಜಾನೆ ಅದನ್ನು ಒಯ್ಯಲು ನಮ್ಮ ಮನೆಯ ಮುಂದೆ ಬಂದ. ಹತ್ತುವ ಮುನ್ನ ಅಪ್ಪನನ್ನು ಪಕ್ಕಕ್ಕೆ ಕರೆದ.

"ಖರೇನ ಹೋಗ್ಯಾರಲ್ರಿ ದೇವ್ರು? ನಾಳಿ ನಾ ತುಳದ ಮ್ಯಾಲ ಮಂದಿ ನನಗ ಏನರ ಅಂದ್ರ?"

"ಹೋಗ್ಯಾನ ಮಾರಾಯಾ. ಎಲ್ಲಾರೆದುರಿಗೇ ಕಳಸೀನಿ. ಬಿಂದಾಸ್ ತುಳಿ."

ನಬೀಸಾಬ್ ಕೂತ. ಎಡಗಾಲನ್ನು ಬ್ರೇಕಿನ ಮೇಲೆ ಇಟ್ಟ. ಬಲಗಾಲನ್ನು ಇಡಲು ಹೋದವನು ನಿಂತ.

"ಸಾಬ್, ಇಲ್ಲಿ ಬಲಗಡಿದರ ಮ್ಯಾಲ ಅಕ್ಕಿಕಾಳು ಬಿದ್ದಾವಲ್ರಿ. ಕುಂಕುಮನೂ ಅದ. ನೀವು ಕಳಸಿದಾಗ ಅವ್ರು ಎಲ್ಲಿಗಿ ಹೋದ್ರು?"

ಅಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಸ್ವಲ್ಪ ತಡಿ" ಎಂದ. "ಅವ್ವನ್ನ ಕೇಳಿ ಬರ್ತೀನಿ."

ನಬೀಸಾಬ್ ಮೆಲ್ಲಗೆ ಇಳಿದು, ಚಪ್ಪಲಿ ಕಳಚಿ, ಗಾಡಿಯ ಪಕ್ಕದಲ್ಲಿ ನಿಂತುಕೊಂಡ.